ಎಲೆ ಅಡಿಕೆ ಹಿಡಿದು ಶಾಲೆಗೆ ಹೋದದ್ದು

ಮಗಳು ಎಂಟನೇ ಕ್ಲಾಸಿಗೆ ಕಾಲಿಟ್ಟ ವಾರವೇ ಶಾಲೆಯಿಂದ ಒಂದು ಕಾಗದ ಬಂತು. ಮೇಲೆ ದಪ್ಪಕ್ಷರದಲ್ಲಿ ‘ಕಲಿಕಾ ಒಪ್ಪಂದ’ ಎಂದಿತ್ತು. ದಿನಾ ಎರಡು ಗಂಟೆ ಓದುತ್ತೇನೆ, ಮೊಬೈಲ್ ಮುಟ್ಟುವುದಿಲ್ಲ, ಹೋಮ್‌ವರ್ಕ್ ತಪ್ಪಿಸುವುದಿಲ್ಲ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡೇ ಬರುತ್ತೇನೆ, ಹೀಗೆ ಎರಡು ಪುಟ. ಕೊನೆಯಲ್ಲಿ ವಿದ್ಯಾರ್ಥಿಯ ಸಹಿ, ಪೋಷಕರ ಸಹಿ. ಸೋಮವಾರ ತರದಿದ್ದವರನ್ನು ತರಗತಿಯೊಳಗೆ ಬಿಡುವುದಿಲ್ಲವಂತೆ. ನಮ್ಮ ಚನ್ನರಾಯಪಟ್ಟಣದಲ್ಲಿ ಮನೆ ಬಾಡಿಗೆಗೆ ಕೊಡುವವರೂ ಇಷ್ಟು ಷರತ್ತು ಹಾಕುವುದಿಲ್ಲ. ನನಗೋ ಇಂಥದ್ದನ್ನೆಲ್ಲ ಓದುವ ತಾಳ್ಮೆ ಎಂದೂ ಇಲ್ಲ. ಸೌಟು ಕೆಳಗಿಟ್ಟು ಪೆನ್ನು ಹಿಡಿದೆ.

“ತಡಿಯವ್ವ, ಸಾಕ್ಸಿ ಯಾರು?” ಎಂದರು ನಮ್ಮಪ್ಪ. ಹಳ್ಳಿಮೈಸೂರಿನಿಂದ ಆಗಷ್ಟೇ ಬಂದು ಕಾಫಿ ಕುಡಿಯುತ್ತಾ ಕೂತಿದ್ದರು.

ಊರಿನಲ್ಲಿ ಆಸ್ತಿ ಭಾಗವಾಗಲಿ, ತೆಂಗಿನ ತೋಟ ಗುತ್ತಿಗೆಗೆ ಹೋಗಲಿ, ಎಮ್ಮೆ ವ್ಯಾಪಾರವಾಗಲಿ, ಸಾಕ್ಷಿಗೆ ಅಪ್ಪನೇ ಆಗಬೇಕು. ಎರಡೂ ಕಡೆಯವರು ಎದುರುಬದುರು ಕೂರಬೇಕು, ಯಾರು ಯಾರಿಗೆ ಏನು ಕೊಡುತ್ತಾರೆಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಎಲೆ ಅಡಿಕೆ ಕೈಗೆ ಕೈ ಸೇರಬೇಕು. ಆಗಲೇ ಮಾತು ಗಟ್ಟಿ. ತಾಂಬೂಲ ಈಸಿಕೊಂಡ ಮೇಲೆ ಹಿಂದೆ ಸರಿದವರ ಮನೆಯಲ್ಲಿ ಅಪ್ಪ ನೀರೂ ಮುಟ್ಟುವುದಿಲ್ಲ.

ಮೊಮ್ಮಗಳ ಕೈಲಿ ಎರಡೂ ಪುಟ ಓದಿಸಿದರು.

“ಇದೇನವ್ವ ಇದು, ಎಲ್ಲಾ ನಾವೇ ಮಾಡಾದಾ? ಅವ್ರು ಏನು ಕೊಡ್ತಾರಂತೆ?”

“ವಿದ್ಯೆ ಕೊಡ್ತಾರೆ ಬಿಡಪ್ಪ.”

“ಅಂಗಂತ ಬರ್ದಿಲ್ವಲ್ಲ.”

ನಾನು ಹಣೆ ಚಚ್ಚಿಕೊಂಡೆ. ಅಪ್ಪ ಮೊಮ್ಮಗಳತ್ತ ತಿರುಗಿದರು. “ಅವ್ರಿಂದ ನಿಂಗೇನು ಬೇಕು ಯೋಳು ಕೂಸೆ.”

ಅವಳು ಯೋಚಿಸಲೇ ಇಲ್ಲ. “ಪಿಟಿ ಪೀರಿಯಡ್ ತಾತ!”

ವಾರಕ್ಕೊಂದು ಆಟದ ಪೀರಿಯಡ್ಡು, ಶುಕ್ರವಾರ. ಆದರೆ ಶುಕ್ರವಾರ ಬಂತೆಂದರೆ ಸಿಲಬಸ್ ಮುಗಿದಿಲ್ಲ ಎಂದು ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಒಳಗೆ ಬರುತ್ತಿದ್ದರು. ನನ್ನ ಮಗಳಿಗೆ ಖೋಖೋ ಎಂದರೆ ಪ್ರಾಣ. ಈ ಸಲ ತಾಲ್ಲೂಕು ಪಂದ್ಯಕ್ಕೆ ತಂಡ ಆರಿಸುವುದೂ ಅದೇ ಪೀರಿಯಡ್ಡಿನಲ್ಲಿ. ಅದೂ ಗಣಿತಕ್ಕೆ ಹೋದರೆ ಈ ವರ್ಷವೂ ಮೈದಾನವನ್ನು ಕಿಟಕಿಯಿಂದ ನೋಡುವುದೇ ಗತಿ ಎಂದಳು ಹುಡುಗಿ. ನನಗೂ ಪಾಪ ಅನಿಸಿತು. ಅಪ್ಪನಿಗೆ ಅಷ್ಟು ಸಾಕಾಯಿತು.

ಸೋಮವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟುಕೊಂಡು ಬೀದಿಯಲ್ಲಿ ನಡೆದೇಬಿಟ್ಟರು. ಹಿಂದೆ ನಾನು. ನನ್ನಿಂದಲೂ ಹಿಂದೆ, ನಮ್ಮಿಬ್ಬರ ಪರಿಚಯವೇ ಇಲ್ಲದವಳಂತೆ ಮಗಳು.

ತಟ್ಟೆ ನೋಡಿದ ವಾಚ್‌ಮನ್ ಗೇಟನ್ನು ಪೂರ್ತಿ ತೆರೆದ. “ಯಾರ ಮದ್ವೆ ಸಾ?” ಪೋಷಕರನ್ನು ಗಂಟೆಗಟ್ಟಲೆ ಕಾಯಿಸುವ ಗುಮಾಸ್ತರು ಎದ್ದು ನಿಂತು ನೇರ ಒಳಗೆ ಕಳಿಸಿದರು. ಹೆಡ್‌ಮಿಸ್ ಅಂತೂ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ತಟ್ಟೆ ಈಸಿಕೊಂಡು ಕಣ್ಣಿಗೊತ್ತಿಕೊಂಡರು.

“ಮದುವೆ ಯಾವಾಗ ಯಜಮಾನ್ರೆ? ಛತ್ರ ಎಲ್ಲಿ?”

“ಮದ್ವೆ ಅಲ್ಲ ಕಣವ್ವ, ನಿಮ್ಮ ಒಪ್ಪಂದಕ್ಕೆ ಬಂದಿದೀವಿ. ನೀವು ಬರ್ದಂಗೆ ಇವ್ಳು ಓದ್ತಾಳೆ. ನೀವು ಇವ್ಳ ಆಟದ ಪೀರಿಯಡ್ಡು ಬುಟ್ಕೊಡಿ. ತಾಂಬೂಲ ಈಸ್ಕಂಡ್ರಿ, ಮಾತು ಮುಗೀತು.”

ಹೆಡ್‌ಮಿಸ್ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ವಾಪಸ್ ಕೊಡೋಣವೆಂದು ತಟ್ಟೆ ಅರ್ಧ ಮುಂದೆ ಬಂದು ಅಲ್ಲೇ ನಿಂತಿತು. ಅವರೂ ಇಲ್ಲೇ ಬಾಗೂರು ಕಡೆಯವರು. ಕಣ್ಣಿಗೊತ್ತಿಕೊಂಡ ತಾಂಬೂಲವನ್ನು ಹಿಂದಿರುಗಿಸಲು ಅವರಿಗೂ ಕೈ ಬರಲಿಲ್ಲ.

“ಸಿಲಬಸ್ ಮುಗಿಯಲ್ಲ ಯಜಮಾನ್ರೆ...” ಎಂದು ಸಣ್ಣ ದನಿಯಲ್ಲಿ ಶುರುಮಾಡಿದರು.

“ಮುಗೀತದೆ ಬುಡಿ. ಸಾಕ್ಸಿಗೆ ನಾನಿದೀನಿ.”

ಕೊನೆಗೆ ಅವರು ಕೆಳಗಡೆ ಪಿಟಿ ಪೀರಿಯಡ್ಡಿನ ಒಂದು ಸಾಲು ಸೇರಿಸಿ ಸಹಿ ಹಾಕಿದರು. ಮಗಳು ಹಾಕಿದಳು. ಅಪ್ಪ ಸಾಕ್ಷಿಯಾಗಿ, ತಂದೆಯ ಹೆಸರು, ಊರು, ಹೋಬಳಿ, ತಾಲ್ಲೂಕು ಸಮೇತ ಬರೆದರು. ಮಾನ ಹೋಗಿ ಕುಗ್ಗಿಹೋಗಿದ್ದ ನಾನು ಅವರು ತೋರಿಸಿದಲ್ಲಿ ಗೀಚಿ ಹೊರಗೆ ಬಂದೆ.

ಶುಕ್ರವಾರ ಗಣಿತದ ಮೇಷ್ಟ್ರು ಎಂದಿನಂತೆ ಸೀಮೆಸುಣ್ಣ ಹಿಡಿದು ಬಂದರಂತೆ. ನನ್ನ ಮಗಳು ಎದ್ದು ನಿಂತು, “ಸಾರ್, ಮೇಡಂ ಎಲೆ ಅಡಿಕೆ ತಗೊಂಡಿದಾರೆ” ಎಂದಳಂತೆ. ಇದೇನು ತಲೆಹರಟೆ ಎಂದು ಮೇಷ್ಟ್ರು ಆಫೀಸಿಗೆ ಹೋದವರು ತಿರುಗಿ ಬರಲೇ ಇಲ್ಲ. ಸಂಜೆ ಹುಡುಗಿ ಮನೆಗೆ ಬಂದಾಗ ಯೂನಿಫಾರ್ಮ್ ತುಂಬ ಕೆಮ್ಮಣ್ಣು, ಮೊಣಕಾಲು ತರಚಿತ್ತು, ಒಂದು ಜಡೆ ಬಿಚ್ಚಿಹೋಗಿತ್ತು.

“ಆರಿಸಿದ್ರು ಕಣಮ್ಮ!”

ಬಟ್ಟೆ ಒಗೆಯುವವಳು ನಾನೇ ಎಂಬುದನ್ನೂ ಮರೆತು ಅವಳನ್ನು ತಬ್ಬಿಕೊಂಡೆ. ಅಷ್ಟು ಖುಷಿಯಾಗಿತ್ತು ನನಗೆ. ಕೈಕಾಲು ತೊಳೆದು, ಯಾರೂ ಹೇಳದೆ ಅವಳೇ ಓದಲು ಕೂತಳು. ನಾನು ಟಿವಿ ಹಾಕಿದೆ. ಸೀರಿಯಲ್ಲಿನಲ್ಲಿ ಅವತ್ತು ನಾಯಕಿಯ ಮದುವೆ. ವಾರದಿಂದ ಅದಕ್ಕೇ ಕಾದಿದ್ದೆ. ಫೋನ್ ಬಡಿದುಕೊಂಡಿತು. ಊರಿಗೆ ವಾಪಸಾಗಿದ್ದ ಅಪ್ಪ.

“ಕೂಸು ಓದ್ತಾ ಐತಾ?”

“ಓದ್ತಿದಾಳಪ್ಪ. ಟೀಮಿಗೂ ಸೇರಿಸ್ಕೊಂಡ್ರು.”

“ಸೇರುಸ್ಕಳ್ದೆ ಏನು. ಅದ್ಯಾವ್ದು ವಾಲಗದ ಸದ್ದು?”

“ಟಿವಿ...”

“ಮಗು ಓದಾವಾಗ ಮನೇಲಿ ಟಿವಿ ಆಕಾಂಗಿಲ್ಲ ಅಂತ ಎಲ್ಡನೇ ಪುಟದಲ್ಲೈತೆ. ನೀನೇ ಸಯಿ ಮಾಡಿದ್ದೀಯ. ಅವ್ರು ಮಾತು ಉಳಿಸ್ಕಂಡ್ರು ಕಣವ್ವ. ಈಗ ನಿಂದು.”

ಒಳಗಿನ ಕೋಣೆಯಿಂದ ಮಗಳು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಟಿವಿ ಆರಿಸಿದೆ. ಆಮೇಲೂ ದಿನಾ ಆ ಹೊತ್ತಿಗೆ ಸರಿಯಾಗಿ ಸಾಕ್ಷಿಯ ಫೋನ್ ಬರುತ್ತಲೇ ಇದೆ. ಆ ನಾಯಕಿಯ ಮದುವೆ ಆಯಿತೋ ಮುರಿಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.