ಕ್ಲಿಫರ್ಡ್‌ಗೆ ಬೇಕಿದ್ದ ತೊಂಬತ್ತು ನಿಮಿಷ

ಕ್ಲಿಫರ್ಡ್ ಟ್ಯಾಪ್ಸೆಲ್ ಈ ಫೆಬ್ರವರಿಯಲ್ಲಿ ತೀರಿಕೊಂಡ. ನಲವತ್ತು ವರ್ಷ ಬಿಡ್ಲ್‌ಹರ್ಸ್ಟ್ ಊರಿನ ನಲ್ಲಿ, ಪೈಪು, ಬಾಯ್ಲರುಗಳನ್ನು ರಿಪೇರಿ ಮಾಡಿದವನು. "ಊರಿನ ಅರ್ಧ ಹೆಂಗಸರಿಗೆ ಇವನ ಬೆನ್ನಿನ ಗುರುತಿದೆ, ಮುಖದ ಗುರುತಿಲ್ಲ" ಎಂದು ಅವನ ಗೆಳೆಯ, ಮಾಂಸದಂಗಡಿಯ ಹೆಡ್ಲಿ, ಹೇಳುತ್ತಿದ್ದ. ಸಿಂಕಿನ ಕೆಳಗೆ ತಲೆ ತೂರಿಸಿ ಮಲಗಿದರೆ ಕೆಲಸ ಮುಗಿಯುವ ತನಕ ಹೊರಗೆ ಬರುತ್ತಿರಲಿಲ್ಲ. ಬಂದ ಮೇಲೂ ಮಾತು ಅಷ್ಟಕ್ಕಷ್ಟೆ.

ಅಂಥವನು ಅರವತ್ತೇಳನೆಯ ವಯಸ್ಸಿನಲ್ಲಿ ಒಂದು ಸಭೆಯಲ್ಲಿ ಎದ್ದು ನಿಂತು ಎರಡು ಗಂಟೆ ಹಟ ಹಿಡಿದ. ಇಪ್ಪತ್ತೆರಡು ಮೈಲಿ ಅಗಲದ ಕಡಲನ್ನು ದಾಟುವುದು ಹೇಗೆ ಎಂಬುದರ ಬಗ್ಗೆ.

ಬಿಡ್ಲ್‌ಹರ್ಸ್ಟ್‌ಗೆ ಫ್ರಾನ್ಸಿನಲ್ಲಿ ಬ್ಲೆಂಕೂರ್ ಎಂಬ ಜೋಡಿ ಊರಿದೆ. ಮೇ ತಿಂಗಳಲ್ಲಿ ಇವರು ಅಲ್ಲಿಗೆ ಹೋಗಿ ಮೂರು ದಿನ ಅವರ ಮನೆಗಳಲ್ಲಿ ಉಳಿಯುತ್ತಾರೆ, ಸೆಪ್ಟೆಂಬರಿನಲ್ಲಿ ಅವರು ಇಲ್ಲಿಗೆ ಬರುತ್ತಾರೆ. ಹೆಂಡತಿ ಈನಿಡ್ ತೀರಿಹೋದ ಮೇಲೆ ಕ್ಲಿಫರ್ಡ್ ಮನೆ ಬಿಟ್ಟು ಹೊರಡದಿದ್ದಾಗ, ಕೇಳದೆಯೇ ಅವನ ಹೆಸರನ್ನು ಪಟ್ಟಿಗೆ ಸೇರಿಸಿದವನು ಹೆಡ್ಲಿ. ಅವನನ್ನು ಇಳಿಸಿದ್ದು ಸೊಲಾಂಜ್ ವಾಸರ್ ಎಂಬಾಕೆಯ ಮನೆಯಲ್ಲಿ. ಆಕೆ ವಿಧವೆ, ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಹನ್ನೊಂದು ವರ್ಷದಿಂದ ಅದೇ ಮನೆ, ಅದೇ ಕೋಣೆ. ಪ್ರತಿ ವರ್ಷವೂ ಆಕೆಯ ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಪ್ರತಿ ವರ್ಷವೂ ಕ್ಲಿಫರ್ಡ್ ಅದನ್ನು ಸರಿಮಾಡುತ್ತಿದ್ದ. ತಾನು ಹಾಕಿದ ವಾಷರ್ ಹತ್ತು ವರ್ಷವಾದರೂ ಬಾಳಬೇಕು. ಒಂದೋ ತನಗೆ ಕೆಲಸ ಬರುವುದಿಲ್ಲ, ಇಲ್ಲವೇ ಏಪ್ರಿಲ್ ಕೊನೆಯಲ್ಲಿ ಯಾರೋ ಸ್ಪ್ಯಾನರ್ ಹಿಡಿದು ಅದನ್ನು ಸಡಿಲ ಮಾಡುತ್ತಿದ್ದಾರೆ. ಈ ಲೆಕ್ಕಾಚಾರ ಅವನ ತಲೆಗೆ ಹೊಳೆಯಲು ಒಂಬತ್ತು ವರ್ಷ ಹಿಡಿಯಿತು. ಹೊಳೆದ ಮೇಲೆ ಧೈರ್ಯ ಬರಲು ಇನ್ನೆರಡು ವರ್ಷ.

ಆ ಮೇ ತಿಂಗಳು ಸೊಲಾಂಜ್‌ಳನ್ನು ಮದುವೆಗೆ ಕೇಳಿಯೇಬಿಡುವುದೆಂದು ತೀರ್ಮಾನಿಸಿದ. ಗ್ರಂಥಾಲಯದಿಂದ ನಿಘಂಟು ತಂದು ಫ್ರೆಂಚಿನಲ್ಲಿ ಒಂದು ವಾಕ್ಯ ಕಟ್ಟಿದ. "ನಿಮಗೆ ಅನಾನುಕೂಲವಾಗದಿದ್ದರೆ, ಬೇರೇನೂ ಏರ್ಪಾಡು ಇರದಿದ್ದರೆ, ನನ್ನನ್ನು ಮದುವೆಯಾಗುವ ಬಗ್ಗೆ ಬಿಡುವಾದಾಗ ಯೋಚಿಸಲು ಸಾಧ್ಯವೇ, ಅವಸರವೇನೂ ಇಲ್ಲ" ಎಂಬುದು ಅದರ ಅರ್ಥ.

"ಇದೇನಯ್ಯ, ಬಾಯ್ಲರ್ ಸರ್ವೀಸಿಗೆ ನೋಟೀಸ್ ಕೊಟ್ಟ ಹಾಗಿದೆ" ಎಂದ ಹೆಡ್ಲಿ. "ಮದುವೆ ಆಗ್ತೀರಾ ಅಂತ ಕೇಳು, ಮುಗೀತು."

"ಹಾಗೆ ನೇರ ಕೇಳಿದ್ರೆ ಬೇಡ ಅನ್ನೋಕೆ ಆಕೆಗೆ ಕಷ್ಟ ಆಗುತ್ತೆ. ಬೇಡ ಅನ್ನೋಕೂ ಒಂದು ದಾರಿ ಬಿಡಬೇಕಲ್ವಾ?"

"ದಾರಿ ಅಲ್ಲ, ಹೆದ್ದಾರಿ ಬಿಟ್ಟಿದ್ದೀಯ!"

ತೊಡಕಿದ್ದುದು ವಾಕ್ಯ ಬಾಯಿಗೆ ಬರುವುದರಲ್ಲಿ. ಮನೆಯಲ್ಲಿ ಜೋರಾಗಿ ಹೇಳೋಣವೆಂದರೆ ಗೋಡೆಯ ಮೇಲೆ ಈನಿಡ್‌ಳ ಫೋಟೊ. ವ್ಯಾನಿನಲ್ಲಿ ಹೇಳಿದರೆ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ನೋಡುತ್ತಾರೆ. ಕೊನೆಗೆ ಅವನಿಗೆ ನೆನಪಾದದ್ದು ಪ್ರತಿ ಮೇ ತಿಂಗಳು ಅವರು ಕಡಲು ದಾಟುತ್ತಿದ್ದ ಹಡಗಿನ ಹಿಂಬದಿಯ ತೆರೆದ ಅಟ್ಟ. ಗಾಳಿ, ಎಂಜಿನ್ನಿನ ಸದ್ದು, ಕಡಲಹಕ್ಕಿಗಳ ಕಿರುಚಾಟ. ತೊಂಬತ್ತು ನಿಮಿಷ ಕಿರುಚಿದರೂ ಯಾರಿಗೂ ಕೇಳಿಸದು. ದಡ ಮುಟ್ಟುವ ಹೊತ್ತಿಗೆ ವಾಕ್ಯ ಬಾಯಿಗೆ ಬಂದಿರುತ್ತದೆ, ಹಿಂದಿರುಗಲು ದಾರಿಯೂ ಇರುವುದಿಲ್ಲ.

ಹೀಗಿರುವಾಗ ಜೋಡಿ ಊರಿನ ಸಮಿತಿಗೆ ಹೊಸದಾಗಿ ಸೇರಿದ ನೈಜಲ್ ಸ್ಪ್ರೇಕ್ ಸಭೆಯಲ್ಲಿ, "ಈ ಸಲ ವಿಮಾನದಲ್ಲಿ ಹೋಗೋಣ" ಎಂದುಬಿಟ್ಟ. ಮನೆ ಮಾರಿಸುವ ದಲ್ಲಾಳಿ ಅವನು, ನಗುನಗುತ್ತಲೇ ಮಾತಾಡುವವನು. "ಟಿಕೆಟ್ಟು ಒಂದು ಊಟಕ್ಕಿಂತ ಅಗ್ಗ. ನಲವತ್ತೇ ನಿಮಿಷ!"

"ವಿಮಾನ ನಿಲ್ದಾಣಕ್ಕೆ ಹೋಗೋಕೆ ಎರಡು ಗಂಟೆ. ಅದೂ ಉಲ್ಟಾ ದಿಕ್ಕಿಗೆ. ಇಳಿಯೋದು ಫ್ರಾನ್ಸಲ್ಲೂ ಅಲ್ಲ, ಇನ್ಯಾವುದೋ ದೇಶದಲ್ಲಿ" ಎಂದ ಕ್ಲಿಫರ್ಡ್.

"ಅಲ್ಲಿಂದ ಬಸ್ಸಿದೆಯಲ್ಲ."

ಗ್ರಂಥಪಾಲಕಿ ಮಾರ್ಜರಿ ಕಾಬ್ ರೈಲಿನ ಪರ. ಅವಳಿಗೆ ಕಡಲು ಆಗುವುದಿಲ್ಲ, ಕೊಳದಲ್ಲಿ ದೋಣಿ ನೋಡಿದರೂ ಹೊಟ್ಟೆ ತೊಳಸುತ್ತದೆ. "ರೈಲು ಕಡಲಿನ ಕೆಳಗೇ ಹೋಗುತ್ತೆ. ಹತ್ತಿ ಕೂತ್ಕೊಂಡ್ರೆ ಒಂದು ಕಪ್ ಚಹಾ ಮುಗಿಯೋದ್ರಲ್ಲಿ ಫ್ರಾನ್ಸ್."

ಒಂದು ಕಪ್ ಚಹಾ! ಕ್ಲಿಫರ್ಡ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಷ್ಟರಲ್ಲಿ ವಾಕ್ಯದ ಮೊದಲ ಅಲ್ಪವಿರಾಮದ ತನಕವೂ ಹೋಗಲಾಗದು. ನಿಜವಾದ ಕಾರಣ ಹೇಳುವಂತಿಲ್ಲ. ಬಾಯಿಗೆ ಬಂದ ಕಾರಣಗಳನ್ನೆಲ್ಲ ಹೇಳಿದ. ಹಡಗಿನಲ್ಲಿ ಕಾಲು ಚಾಚಬಹುದು. ಚಿಪ್ಸ್ ಚೆನ್ನಾಗಿರುತ್ತದೆ. ಕೊನೆಗೆ ತನ್ನ ದೊಡ್ಡ ಅಸ್ತ್ರ ತೆಗೆದ. ಬ್ಲೆಂಕೂರ್‌ನ ಮೇಯರ್‌ಗೆ ಪ್ರತಿ ವರ್ಷ ಕೊಡುವ ಹನ್ನೆರಡು ಬಾಟಲಿ ಮಾರ್ಮಲೇಡ್, ಆ ಕಿತ್ತಳೆ ಜಾಮಿನ ಕಥೆಯೇನು? "ವಿಮಾನದಲ್ಲಿ ದ್ರವ ಬಿಡಲ್ಲ."

"ಮಾರ್ಮಲೇಡ್ ದ್ರವ ಅಲ್ಲ" ಎಂದ ಸ್ಪ್ರೇಕ್.

"ಗಟ್ಟಿ ಪದಾರ್ಥಾನಾ?"

ಅಧ್ಯಕ್ಷೆ ಮಿಸೆಸ್ ಗ್ಯಾರಡ್ ನಿವೃತ್ತ ಮುಖ್ಯೋಪಾಧ್ಯಾಯಿನಿ. "ನನ್ನ ಮಾರ್ಮಲೇಡ್ ಗಟ್ಟಿಯಾಗಿಯೇ ಇರುತ್ತೆ" ಎಂದರು ಬಿಗಿಯಾಗಿ, ಏಕೆಂದರೆ ಮಾಡುವವರು ಅವರೇ. ಮೂವತ್ತೈದು ನಿಮಿಷ ಅದರ ಮೇಲೆ ಚರ್ಚೆಯಾಯಿತು. ಆಮೇಲೆ ಮಿಸೆಸ್ ಗ್ಯಾರಡ್ ಒಬ್ಬೊಬ್ಬರನ್ನೇ ಕೇಳಿದರು. ಉಳಿದ ಏಳು ಜನವೂ, "ನನಗೆ ಯಾವುದಾದ್ರೂ ಆದೀತು, ಬೇರೆಯವರಿಗೆ ಹೇಗೆ ಅನುಕೂಲವೋ ಹಾಗೆ" ಎಂದರು. ಊರಿನಲ್ಲಿ ಹಾಗೆ ಹೇಳುವುದೇ ಮರ್ಯಾದೆ. ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದವರು ಆ ಸಂಜೆ ಮೂವರೇ, ಮೂವರೂ ಸ್ವಲ್ಪ ನಾಚಿಕೊಂಡಿದ್ದರು. ಕೊನೆಗೆ ಯಾರನ್ನೂ ನೋಯಿಸದ ನಿರ್ಣಯವಾಯಿತು. ಯಾರು ಹೇಗೆ ಬೇಕಾದರೂ ಹೋಗಬಹುದು, ಶನಿವಾರ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಬ್ಲೆಂಕೂರ್ ಪುರಭವನದಲ್ಲಿ ಸೇರತಕ್ಕದ್ದು.

ಕ್ಲಿಫರ್ಡ್ ಸಿಳ್ಳೆ ಹಾಕುತ್ತ ಮನೆಗೆ ಹೋದ. ಹಡಗಿಗೆ ಬರೆಸಿದವನು ತಾನೊಬ್ಬನೇ.

ಭಾನುವಾರ ಫೋನು ಬಂತು. "ಕ್ಲಿಫರ್ಡ್, ನಿಮ್ಮನ್ನ ಒಬ್ಬರನ್ನೇ ಕಳಿಸೋದು ಮನಸ್ಸಿಗೆ ಸರಿ ಬರ್ಲಿಲ್ಲ" ಎಂದರು ಮಿಸೆಸ್ ಗ್ಯಾರಡ್. "ನಾನೂ ಹಡಗಿಗೇ ಬರ್ತೀನಿ."

"ಅಯ್ಯೋ, ದಯವಿಟ್ಟು ತೊಂದ್ರೆ ತಗೋಬೇಡಿ."

"ತೊಂದ್ರೆ ಏನೂ ಇಲ್ಲ."

"ನಿಜವಾಗ್ಲೂ ಬೇಡ, ಮಿಸೆಸ್ ಗ್ಯಾರಡ್."

"ನಿಮ್ಮದು ದೊಡ್ಡ ಮನಸ್ಸು" ಎಂದು ಅವರು ಫೋನಿಟ್ಟರು. ಬೇಡ ಎಂದಷ್ಟೂ ಬೇಕೆಂದೇ ಅರ್ಥವಾಗುವ ಊರಿನಲ್ಲಿ ಅವನೇನು ಮಾಡಲಾದೀತು? ಬುಧವಾರದ ಹೊತ್ತಿಗೆ ಏಳು ಜನವೂ ಅವನ ಒಂಟಿತನಕ್ಕೆ ಮರುಗಿ ಟಿಕೆಟ್ ಬದಲಿಸಿದ್ದರು. ಗುರುವಾರ ಸ್ಪ್ರೇಕ್ ಮಾಂಸದಂಗಡಿಗೇ ಬಂದು, ಅಲ್ಲಿದ್ದ ಕ್ಲಿಫರ್ಡ್‌ನ ಕೈಯನ್ನು ಹೆಡ್ಲಿಯ ಮುಂದೆಯೇ ಕುಲುಕಿ, "ನಿಮ್ಮ ಮನಸ್ಸಿಗೆ ನೋವು ಮಾಡೋ ಉದ್ದೇಶ ಇರ್ಲಿಲ್ಲ, ಕ್ಲಿಫರ್ಡ್. ನಾನೂ ಹಡಗಿಗೇ" ಎಂದ. ಶುಕ್ರವಾರ ಮಾರ್ಜರಿಯೂ ಬಂದಳು, ಕೈಯಲ್ಲಿ ವಾಂತಿ ಮಾತ್ರೆಯ ಡಬ್ಬಿ ಹಿಡಿದು, ಹುತಾತ್ಮಳ ಮುಖ ಮಾಡಿಕೊಂಡು.

ಅವಳು ಹೋದ ಮೇಲೆ ಹೆಡ್ಲಿ ಕತ್ತಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಊರಿಗೆ ಊರೇ ನಿನ್ನ ಹಿಂದೆ ದಿಬ್ಬಣ ಹೊರಟಿದೆಯಲ್ಲೋ! ಹೆಣ್ಣು ಒಪ್ಪೋದೊಂದು ಬಾಕಿ."

ಶನಿವಾರ ಹಡಗಿನಲ್ಲಿ ಕ್ಲಿಫರ್ಡ್ ಮೂರು ಸಲ ಅಟ್ಟಕ್ಕೆ ಹೊರಟ. ಮೊದಲ ಸಲ ಮಿಸೆಸ್ ಗ್ಯಾರಡ್ ಜೊತೆಗೇ ಬಂದು ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದರು. ಎರಡನೆಯ ಸಲ ಸ್ಪ್ರೇಕ್, ಅವನ ಮನೆ ಮಾರಿದರೆ ಎಷ್ಟು ಬರಬಹುದೆಂದು ವಿವರಿಸಿದ. ಮೂರನೆಯ ಸಲ, "ನಿಮಗೆ ಅನಾನುಕೂಲ" ಎನ್ನುವ ತನಕ ಬಂದಿದ್ದ, ಮಾರ್ಜರಿ ತೂರಾಡುತ್ತ ಬಂದು ಕಟಕಟೆ ಹಿಡಿದಳು. ಅವಳ ಮಾತ್ರೆ ಕೆಲಸ ಮಾಡಿರಲಿಲ್ಲ. ಉಳಿದ ಐವತ್ತು ನಿಮಿಷ ಅವಳ ಟೊಪ್ಪಿಗೆ, ಕನ್ನಡಕ, ಕಾಗದದ ಚೀಲ ಹಿಡಿದುಕೊಂಡು ನಿಂತ.

"ನೀವು ಬಹಳ ಒಳ್ಳೆಯವರು ಕ್ಲಿಫರ್ಡ್" ಎಂದಳು ಮಾರ್ಜರಿ, ಉಸಿರು ಸಿಕ್ಕಾಗ.

"ಪರವಾಗಿಲ್ಲಮ್ಮ" ಎಂದ. ಅಷ್ಟರಲ್ಲಿ ಫ್ರಾನ್ಸ್ ಬಂದಿತ್ತು.

ಪುರಭವನದ ಊಟ, ಮೇಯರ್ ಭಾಷಣ, ಮಾರ್ಮಲೇಡ್ ಸಮರ್ಪಣೆ, ಎಲ್ಲ ಮುಗಿದು ಸಂಜೆ ಸೊಲಾಂಜ್‌ಳ ಅಡುಗೆಮನೆ ಸೇರಿದಾಗ ಕ್ಲಿಫರ್ಡ್‌ನ ತಲೆಯಲ್ಲಿ ಆ ವಾಕ್ಯದ ಒಂದು ಪದವೂ ಉಳಿದಿರಲಿಲ್ಲ. ಆಕೆ ತಟ್ಟೆ ತೊಳೆಯುತ್ತಿದ್ದಳು, ಅವನು ಒರೆಸುತ್ತಿದ್ದ. ಜೇಬಿನ ಚೀಟಿ ತೆಗೆಯೋಣವೆಂದರೆ ಕೈ ಒದ್ದೆ. ಒಂದೇ ತಟ್ಟೆಯನ್ನು ನಾಲ್ಕು ಸಲ ಒರೆಸಿ, ತನಗೆ ಬರುತ್ತಿದ್ದ ಮುರುಕು ಫ್ರೆಂಚಿನಲ್ಲಿ, ಆ ಕ್ಷಣ ಮನಸ್ಸಿಗೆ ಬಂದದ್ದನ್ನು ಹೇಳಿದ.

"ಸೊಲಾಂಜ್, ನನಗೆ ಸೋಮವಾರ ವಾಪಸ್ ಹೋಗೋಕೆ ಮನಸ್ಸಿಲ್ಲ."

ಆಕೆ ನಲ್ಲಿ ನಿಲ್ಲಿಸಿದಳು. "ಸರಿ. ಹೋಗಬೇಡಿ."

"ಅಂದ್ರೆ, ಯಾವತ್ತೂ."

"ಅರ್ಥ ಆಯ್ತು ರೀ. ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ? ಯಾವ ದಾರೀಲಿ ಬಂದ್ರಿ, ಭೂಮಿ ಸುತ್ತಾಕಿಕೊಂಡಾ?"

ಕ್ಲಿಫರ್ಡ್ ತಟ್ಟೆ ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತ. ಆಮೇಲೆ, ಹುಟ್ಟುಗುಣ ಬಿಡಬೇಕಲ್ಲ, "ಆದ್ರೆ ಸೋಮವಾರ ಒಂದು ಸಲ ಹೋಗಲೇಬೇಕಾಗುತ್ತೆ. ಮಂಗಳವಾರ ಒಬ್ಬರ ಬಾಯ್ಲರ್ ನೋಡ್ತೀನಿ ಅಂತ ಮಾತು ಕೊಟ್ಟಿದ್ದೀನಿ" ಎಂದ. ಸೊಲಾಂಜ್ ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಹೋದ. ಬಾಯ್ಲರ್ ಸರಿಮಾಡಿದ. ಗುರುವಾರ ಬೆಳಿಗ್ಗೆ ಹೆಡ್ಲಿ ಅವನನ್ನು ರೈಲು ನಿಲ್ದಾಣಕ್ಕೆ ಬಿಟ್ಟ. ಕೈಯಲ್ಲಿ ಒಂದು ಚೀಲ, ಒಂದು ಉಪಕರಣದ ಪೆಟ್ಟಿಗೆ.

"ಅಷ್ಟೊಂದು ಹಟ ಹಿಡಿದು ಹಡಗು, ಹಡಗು ಅಂದೆ. ಈಗೇನು ರೈಲು?"

"ಬೇಗ ಹೋಗ್ಬೇಕು ಕಣೋ."

ಬೇಗ ಎಂಬ ಮಾತನ್ನು ಅವನ ಬಾಯಲ್ಲಿ ಹೆಡ್ಲಿ ಕೇಳಿದ್ದು ಅದೇ ಮೊದಲು. ಪಾಸ್‌ಪೋರ್ಟ್ ತಪಾಸಣೆಯ ಬಾಗಿಲಲ್ಲಿ ಇಬ್ಬರೂ ಕೈ ಕುಲುಕಿದರು, ಹವಾಮಾನದ ಬಗ್ಗೆ ಎರಡು ಮಾತಾಡಿದರು. ಕ್ಲಿಫರ್ಡ್ ಒಳಗೆ ಹೋದ, ಆರು ವರ್ಷ ಸುಖವಾಗಿದ್ದ. ಅಂದು ಅವನು ಕಣ್ಮರೆಯಾದ ಮೇಲೂ ಹೆಡ್ಲಿ ಆ ಬಾಗಿಲ ಮುಂದೆ, ಜನರಿಗೆ ಅಡ್ಡವಾಗಿ, ಸುಮ್ಮನೆ ನಿಂತಿದ್ದ. ಆಮೇಲೆ ಅಂಗಡಿ ತೆರೆಯಬೇಕಿತ್ತು, ಹೊರಟ.