ರಿಸರ್ವ್‌ಗೆ ಬಂದ ಹಡಗು

ನನ್ನವರು ಎಂಜಿನಿಯರಾಗಿದ್ದ ಸರಕು ಹಡಗು ನನಗೆ ಸವತಿಯಾಗಿತ್ತು. ಅದರ ಸುದ್ದಿ ಕೇಳಿದಷ್ಟು ನಾನು ಅತ್ತೆಯ ಸುದ್ದಿಯನ್ನೂ ಕೇಳಿಲ್ಲ. ಹಳೇ ಕಾರು, ಟ್ರ್ಯಾಕ್ಟರು, ಗೋಧಿ ಚೀಲ ಹೊತ್ತು ಅದು ಮೊಂಬಾಸಾ ಬಂದರಿಗೆ ಬಂದಾಗ ಇವರು ಬಸ್ಸು ಹತ್ತಿ ನೈರೋಬಿಗೆ ಬರುತ್ತಿದ್ದರು, ಹಾಸಿಗೆ ಬೆಚ್ಚಗಾಗುವಷ್ಟರಲ್ಲಿ ಹೊರಟುಬಿಡುತ್ತಿದ್ದರು. ಇಲ್ಲಿನ ನೆರವು ಸಂಸ್ಥೆಯೊಂದರಲ್ಲಿ ದುಡಿಯುತ್ತ ಮಗಳನ್ನು ನಾನೊಬ್ಬಳೇ ಸಾಕುತ್ತಿದ್ದೆ.

ಒಂದು ದಿನ ಫೋನಿನಲ್ಲಿ ಹೇಳಿದರು: "ನಮ್ ಶಿಪ್ ರಿಸರ್ವ್‌ಗೆ ಬಂತು ಕಣೇ. ಆರ್ಮಿಯವರು ತಗೊಂಡಿದಾರೆ. ಇನ್ಮೇಲೆ ಸರಕಿಲ್ಲ, ಹಾರ್ಬರಲ್ಲೇ ಕಟ್ಟಿ ಹಾಕ್ತಾರೆ."

ಮೈಸೂರಿನಲ್ಲಿ ಅಪ್ಪನ ಸ್ಕೂಟರ್ ಓಡಿಸಿದವಳು ನಾನು. ರಿಸರ್ವ್‌ಗೆ ಬಂತು ಎಂದರೆ ಪೆಟ್ರೋಲ್ ಮುಗಿಯುತ್ತ ಬಂತು, ಗಾಡಿ ಇನ್ನು ಹೆಚ್ಚು ದೂರ ಹೋಗುವುದಿಲ್ಲ ಎಂದೇ ಅರ್ಥ. ಅಂತೂ ಸವತಿಯ ಕಥೆ ಮುಗಿಯಿತು, ಇವರು ಮನೆಗೇ ಬಂದುಬಿಡುತ್ತಾರೆ ಎಂದು ಕುಣಿದಾಡಿದೆ. ಇವರು ಇಲ್ಲಿಗೇ ಬರುವಾಗ ನಾನೇಕೆ ಹೋಗಲಿ ಎಂದು, ಬೆಂಗಳೂರಿಗೆ ಬಡ್ತಿಯ ಮೇಲೆ ಹೋಗುವ ಅವಕಾಶವನ್ನು ಬೇಡವೆಂದೆ. ಕಸರಾನಿಯ ಇಕ್ಕಟ್ಟಾದ ಫ್ಲ್ಯಾಟ್ ಬಿಟ್ಟು ಸ್ಪ್ರಿಂಗ್ ವ್ಯಾಲಿಯಲ್ಲಿ ತೋಟವಿರುವ ಮನೆ ಹಿಡಿದೆ.

ಅವರು ಬಂದರು ಕೂಡ. ಮಗಳನ್ನು ಶಾಲೆಗೆ ಬಿಡುತ್ತಿದ್ದರು, ದೋಸೆ ಹುಯ್ಯುತ್ತಿದ್ದರು. ಬಾಗಿಲ ಹಿಂದೆ ಅವರ ಬ್ಯಾಗು ಮಾತ್ರ ಬಿಚ್ಚದೆ ಹಾಗೇ ಇತ್ತು. ಹಡಗಿನವರ ಚಾಳಿ ಎಂದು ನಕ್ಕಿದ್ದೆ.

ಕೆಲವು ತಿಂಗಳ ನಂತರ, ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಬಂತು. ಮಾತಾಡಿ ಮುಗಿಸಿದವರೇ ಆ ಬ್ಯಾಗು ಎತ್ತಿಕೊಂಡರು. ಎಲ್ಲಿಗೋ ಸೈನ್ಯದ ಟ್ಯಾಂಕು, ಲಾರಿ ಸಾಗಿಸಬೇಕಂತೆ. ಸೈನ್ಯದವರ ಮಾತಿನಲ್ಲಿ ರಿಸರ್ವ್ ಎಂದರೆ ಕರೆದ ಕೂಡಲೇ ಹೊರಡಲು ಸಿದ್ಧವಾಗಿರುವ ಹಡಗು ಎಂದು ನನಗೆ ಗೊತ್ತಾದದ್ದು ಆಗ. ಅದರ ಜೊತೆ ಇರುತ್ತೇನೆಂದು ಇವರೂ ಒಪ್ಪಿ ಸಹಿ ಹಾಕಿದ್ದರು.

"ಬಟ್ ಅಮ್ಮ ಸೆಡ್ ದ ಶಿಪ್ ಈಸ್ ಫಿನಿಶ್ಡ್," ಎಂದಳು ಮಗಳು.

"ನಾನು ತಪ್ಪು ತಿಳ್ಕೊಂಡಿದೀನಿ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತು. ನೀನು ಅಷ್ಟೊಂದು ಖುಷಿಯಾಗಿದ್ದೆ. ಯಾಕೆ ಹಾಳು ಮಾಡೋದು ಅಂತ ಸುಮ್ನಾದೆ."

ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ನಂಬಿಸಿ ಕತ್ತು ಕೊಯ್ದರು ಎನ್ನುವಂತೆಯೂ ಇರಲಿಲ್ಲ, ನಂಬಿದವಳು ನಾನೇ. ಇವರು ನನ್ನ ದಡ್ಡತನದ ಮೇಲೆ ಸಂಸಾರ ಹೂಡಿ ಆರಾಮಾಗಿ ದೋಸೆ ತಿಂದಿದ್ದರು.

"ಹಾಗಾದ್ರೆ ರಿಸರ್ವಲ್ಲಿ ಇಟ್ಟಿದ್ದು ನಮ್ಮನ್ನ ಅನ್ನಿ," ಎಂದೆ.

ಅವರು ಬ್ಯಾಗು ಹೆಗಲಿಗೇರಿಸಿ ಹೊರನಡೆದರು. ಕಾವಲುಗಾರ ಗೇಟು ತೆಗೆದ. ಅವನಿಗೆ "ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ ಟ್ಯಾಕ್ಸಿ ಹತ್ತಿದರು.