ಹಿಂದಿನ ಕೊಕ್ಕೆ

ಅದು ೨೦೦೧ನೆಯ ಇಸವಿ. ಹೊಳೆನರಸೀಪುರದಲ್ಲಿ ನಾಲೆಗಳ ನಿರ್ವಹಣೆಗೆಂದು ಇದ್ದ ಯಾಂತ್ರಿಕ ಉಪವಿಭಾಗದಲ್ಲಿ ನಾನು ಸಹಾಯಕ ಎಂಜಿನಿಯರ್ ಆಗಿದ್ದೆ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಆದ್ದರಿಂದ ಒಂದು ಟಿಪ್ಪಣಿ ಬರೆಯುವ ಮುನ್ನವೂ, ಒಂದು ಬೋಲ್ಟ್ ಬಿಗಿಸುವ ಮುನ್ನವೂ ಪುಸ್ತಕ ತೆರೆದು ನೋಡಿಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ಸಹೋದ್ಯೋಗಿಗಳು ಅದನ್ನು ಅಂಜುಬುರುಕುತನ ಎನ್ನುತ್ತಿದ್ದರು. ನಾನು ಎಚ್ಚರಿಕೆ ಎಂದುಕೊಳ್ಳುತ್ತಿದ್ದೆ. ಎರಡೂ ನಿಜವಿದ್ದಿರಬೇಕು.

ಆ ವರ್ಷ ನಮಗೆ ಒಂದು ಫೋರ್ ವೀಲ್ ಡ್ರೈವ್ ಪಿಕಪ್, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ವಾಹನ ಬಂದಿತು. ಮಳೆಗಾಲದಲ್ಲಿ ನಾಲೆಗೆ ಉರುಳುವ ಮರಗಳನ್ನೂ ಕಿತ್ತುಹೋಗುವ ತೂಬಿನ ಬಾಗಿಲುಗಳನ್ನೂ ಎಳೆದುಹಾಕಲು ಅದಕ್ಕೊಂದು ವಿಂಚ್ ಆರಿಸಿ ಅಳವಡಿಸುವ ಕೆಲಸ ನನ್ನ ಪಾಲಿಗೆ ಬಂತು. ವಿಂಚ್ ಎಂದರೆ ವಾಹನದ ಮುಂಭಾಗದಲ್ಲಿ ಕೂರುವ ಎಳೆಯುವ ಯಂತ್ರ. ಉಕ್ಕಿನ ಹಗ್ಗ ಸುತ್ತಿದ ಒಂದು ಉರುಳೆ, ಅದನ್ನು ತಿರುಗಿಸುವ ಮೋಟಾರು, ಇವೆರಡರ ನಡುವೆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರುಗಳು. ಇಷ್ಟೇ ಅದರ ದೇಹ.

ಎಂಜಿನ್ನಿನ ಗೇರ್‌ಬಾಕ್ಸಿನಿಂದಲೇ ಬಲ ಪಡೆಯುವ ವಿಂಚ್ ಒಂದು ಬಗೆ. ಬ್ಯಾಟರಿಯಿಂದ ನಡೆಯುವುದು ಇನ್ನೊಂದು. ಮೊದಲನೆಯದು ದಣಿವರಿಯದು, ಆದರೆ ನಮ್ಮ ಪಿಕಪ್ಪಿನ ಗೇರ್‌ಬಾಕ್ಸಿನಲ್ಲಿ ಅದನ್ನು ಜೋಡಿಸಲು ಜಾಗವಿರಲಿಲ್ಲ. ಹೀಗಾಗಿ ವಿದ್ಯುತ್ ವಿಂಚನ್ನೇ ಆರಿಸಿ, ದೊಡ್ಡ ಬ್ಯಾಟರಿಯನ್ನೂ ಹಾಕಿಸಿದೆ. ಹೊರೆ ಸೇರಿ ವಾಹನದ ತೂಕ ಎಷ್ಟೋ ಅದರ ಒಂದೂವರೆ ಪಟ್ಟು ಎಳೆಯುವ ಸಾಮರ್ಥ್ಯ ವಿಂಚಿಗೆ ಇರಬೇಕೆಂಬುದು ನಿಯಮ. ನಮ್ಮ ಪಿಕಪ್ಪಿನದು ಸುಮಾರು ಎರಡೂವರೆ ಟನ್, ಆದ್ದರಿಂದ ನಾಲ್ಕು ಟನ್ನಿನ ವಿಂಚ್. ಅದನ್ನು ಬಂಪರಿಗೆ ಕಟ್ಟದೆ, ದಪ್ಪ ಉಕ್ಕಿನ ತಟ್ಟೆಯ ಮೇಲೆ ಕೂರಿಸಿ, ತಟ್ಟೆಯನ್ನು ವಾಹನದ ಬೆನ್ನೆಲುಬಾದ ಚಾಸಿಸ್ಸಿಗೇ ಎಂಟು ದಶಾಂಶ ಎಂಟು ದರ್ಜೆಯ, ಅಂದರೆ ಹೆಚ್ಚು ಬಲ ತಾಳುವ ಬೋಲ್ಟುಗಳಿಂದ ಬಿಗಿಸಿದೆವು.

ಇಷ್ಟಾದ ಮೇಲೆ ನಾನು ಚಾಸಿಸ್ಸಿನ ಹಿಂತುದಿಯಲ್ಲಿಯೂ ಅಷ್ಟೇ ಗಟ್ಟಿಯಾದ ಒಂದು ಕೊಕ್ಕೆಯನ್ನು ಹಾಕಿಸಹೊರಟೆ. ನಮ್ಮ ಮೇಲಧಿಕಾರಿ ನರಹರಿರಾಯರು ಹೊಳೆನರಸೀಪುರದ ದೇವಸ್ಥಾನದ ಬೀದಿಯವರು, ಮಾತಿನಲ್ಲಿ ಚುರುಕು. ನಕ್ಷೆ ನೋಡಿ ಕನ್ನಡಕವನ್ನು ಹಣೆಗೇರಿಸಿದರು.

“ಅಲ್ಲಯ್ಯಾ, ಮುಂದೆ ಎಳೆಯೋ ಯಂತ್ರಕ್ಕೆ ಹಿಂದೆ ಕೊಕ್ಕೆ ಯಾಕೆ? ಬಾಲಕ್ಕೆ ಗಂಟೆ ಕಟ್ಟಿದ ಹಾಗಾಯ್ತು.”

“ಸರ್, ಹಗ್ಗ ಆ ಕಡೆಯ ಹೊರೆಯನ್ನು ಎಷ್ಟು ಎಳೆಯುತ್ತದೋ ನಮ್ಮ ವಾಹನವನ್ನೂ ಅಷ್ಟೇ ಎಳೆಯುತ್ತದೆ. ಹಿಂದಿನಿಂದ ಮರಕ್ಕೋ ಬಂಡೆಗೋ ಕಟ್ಟಿ ಹಿಡಿಯಬೇಕಾಗುತ್ತದೆ.”

“ಪುಸ್ತಕದಲ್ಲಿದೆಯೋ?”

“ಇದೆ ಸರ್.”

“ಹಾಗಾದರೆ ಹಾಕಿಸು. ಇಲ್ಲದಿದ್ದರೆ ನಿನಗೆ ನಿದ್ದೆ ಬರೋಲ್ಲ.”

ಕೊಕ್ಕೆ ಕೂತಿತು. ಅಲ್ಲಿಂದ ಎರಡು ತಿಂಗಳು ಮರದ ಬೊಡ್ಡೆಗಳನ್ನು ಎಳೆದದ್ದಷ್ಟೇ. ಹಿಂದಿನ ಕೊಕ್ಕೆಗೆ ಡ್ರೈವರ್ ಜವರಪ್ಪ ತನ್ನ ಊಟದ ಚೀಲವನ್ನು ನೇತುಹಾಕತೊಡಗಿದ್ದ.

ತಂಬಾಕು ಹದಮಾಡುವ ಕಾಲ ಅದು. ಅರಕಲಗೂಡಿನ ಸುತ್ತಿನ ಹೊಲಗಳಲ್ಲಿ ಬ್ಯಾರನ್‌ಗಳು, ಅಂದರೆ ಎಲೆಯನ್ನು ಬೇಯಿಸುವ ಎತ್ತರದ ಗೂಡುಗಳು ಹೊಗೆಯಾಡುತ್ತಿದ್ದವು. ಒಂದು ಮಧ್ಯಾಹ್ನ ನಾವು ಅರಕಲಗೂಡಿನ ಬಳಿ ನಾಲೆಗೆ ಬಿದ್ದ ಮರವೊಂದನ್ನು ತೆಗೆದು ಹಗ್ಗ ಸುತ್ತುತ್ತಿದ್ದೆವು. ಆಗ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಮೊಪೆಡ್ಡಿನಲ್ಲಿ ಏದುಸಿರು ಬಿಡುತ್ತಾ ಬಂದ.

“ಸಾ, ಬಿರ್ನೆ ಬನ್ನಿ ಸಾ! ರುದ್ರಪಟ್ಟಣದ್ ರಸ್ತೆ ತಾವ ನಾಲೆಗೆ ಟ್ರ್ಯಾಕ್ಟರ್ ಬಿದ್ಬುಟ್ಟದೆ. ಓಡುಸ್ತಿದ್ದ ಮಂಜೇಗೌಡ ಅಡೀಲ್ ಸಿಕ್ಕಾಕಂಡವ್ನೆ. ತೂಬು ಮುಚ್ಚಿಸ್ಬುಟ್ ಬಂದೆ, ಆದ್ರೂ ನೀರ್ ಏರ್ತಾನೇ ಅದೆ!”

ಸ್ಥಳ ತಲುಪಿದಾಗ ನನಗೆ ಕಂಡದ್ದು ಇದು. ಹೊಲದ ಗಾಡಿದಾರಿಯಿಂದ ನಾಲೆಯ ಏರಿಗೆ ತಿರುಗುವಾಗ ಟ್ರ್ಯಾಕ್ಟರು ಜಾರಿ, ನಾಲೆಯೊಳಗೆ ಪಕ್ಕಕ್ಕೆ ಮಗುಚಿತ್ತು. ಒಂದು ದೊಡ್ಡ ಚಕ್ರ ಕೆಸರಿನಲ್ಲಿ, ಇನ್ನೊಂದು ಆಕಾಶಕ್ಕೆ. ಚಕ್ರದ ಮೇಲಿನ ತಗಡು ಮಂಜೇಗೌಡನ ತೊಡೆಯನ್ನು ಅದುಮಿ ಹಿಡಿದಿತ್ತು. ಸಣ್ಣ ನಾಲೆಯಾದ್ದರಿಂದ ಟ್ರ್ಯಾಕ್ಟರೇ ಕಟ್ಟೆಯಂತಾಗಿ, ತೂಬು ಮುಚ್ಚುವ ಮೊದಲೇ ಹೊರಟಿದ್ದ ನೀರೆಲ್ಲ ಅವನಿದ್ದ ಕಡೆ ನಿಲ್ಲುತ್ತಿತ್ತು. ನೀರು ಅವನ ಎದೆ ದಾಟಿತ್ತು. ಅವನ ಭಾಮೈದ ಸ್ವಾಮಿ ಹಿಂದೆ ಕುಳಿತು ತಲೆಯನ್ನು ಎತ್ತಿ ಹಿಡಿದಿದ್ದ. ಊರವರು ಆಗಲೇ ಒಮ್ಮೆ ಎತ್ತಲು ನೋಡಿದ್ದರು. ಕೆಸರಿನಲ್ಲಿ ಕಾಲು ನಿಲ್ಲದೆ ಟ್ರ್ಯಾಕ್ಟರು ಮತ್ತೆ ಕುಸಿದು, ಅವನು ಕೂಗಿದ ಕೂಗಿಗೆ ಎಲ್ಲರೂ ಕೈಬಿಟ್ಟಿದ್ದರು. ಹಾಸನದಿಂದ ಕ್ರೇನ್ ಬರುವಷ್ಟು ಹೊತ್ತು ನೀರು ಕಾಯುವಂತಿರಲಿಲ್ಲ.

“ಭಾವ, ಅಳ್ಳಾಡ್‌ಬ್ಯಾಡ ಕಣ್ ಭಾವ,” ಎನ್ನುತ್ತಿದ್ದ ಸ್ವಾಮಿ.

“ನಿಮ್ಮಕ್ಕನ್ ಮದ್ವೇಲೂ ಇಂಗೇ ಇಡ್ಕಂಡಿದ್ರಿ ಕಣ್ಲಾ. ಅವತ್ತೂ ತಪ್ಪುಸ್ಕಳಾಕ್ ಆಗ್ನಿಲ್ಲ,” ಎಂದ ಮಂಜೇಗೌಡ. ಅವನ ತುಟಿ ಚಳಿಗೆ ನೀಲಿಯಾಗಿತ್ತು.

ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಟ್ರ್ಯಾಕ್ಟರನ್ನು ಎಳೆದು ಜಾರಿಸಿದರೆ ಅವನ ಕಾಲು ಉಳಿಯುವುದಿಲ್ಲ. ಅದು ಬಿದ್ದ ದಿಕ್ಕಿಗೆ ವಿರುದ್ಧವಾಗಿ, ಮೇಲಿರುವ ಚಕ್ರದ ಅಚ್ಚನ್ನು ಏರಿಯ ಕಡೆಗೆ ಸೆಳೆದರೆ ಅದು ಎದ್ದು ನಿಲ್ಲುತ್ತದೆ, ತಗಡು ತೊಡೆಯಿಂದ ಮೇಲೇಳುತ್ತದೆ. ಪಿಕಪ್ಪನ್ನು ನಾಲೆಗೆ ಮುಖ ಮಾಡಿ ಗಾಡಿದಾರಿಯಲ್ಲಿ ನಿಲ್ಲಿಸಿದೆವು. ಜವರಪ್ಪ ನೀರಿಗಿಳಿದು ಅಚ್ಚಿಗೆ ಹಗ್ಗ ಬಿಗಿದು ಬಂದ.

ನಾನು ಸ್ವಿಚ್ ಒತ್ತಿದೆ. ಹಗ್ಗ ನೀರಿನಿಂದ ಮೇಲೆದ್ದು ಬಿಗಿಯಾಯಿತು. ಆ ಕ್ಷಣವೇ ಏರಿಯ ಮೇಲಿದ್ದವರೆಲ್ಲ “ಐಸಾ!” ಎಂದು ನುಗ್ಗಿ ಹಗ್ಗಕ್ಕೆ ಕೈ ಹಾಕಿಬಿಟ್ಟರು.

ಸ್ವಿಚ್ ಬಿಟ್ಟೆ. ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಕತ್ತಿಯಂತೆ ಬೀಸುತ್ತದೆ, ಎದುರಿಗೆ ಸಿಕ್ಕ ಕೈಯನ್ನಾಗಲಿ ಕುತ್ತಿಗೆಯನ್ನಾಗಲಿ ಉಳಿಸುವುದಿಲ್ಲ. “ದಯವಿಟ್ಟು ಹಗ್ಗ ಬಿಡಿ, ಎಲ್ಲರೂ ದೂರ ನಿಲ್ಲಿ,” ಎಂದು ಕೂಗಿದೆ. ಯಾರೂ ಕದಲಲಿಲ್ಲ. ಅವರಲ್ಲಿ ಹಿರಿಯರಾದ ಕರೀಗೌಡರಿಗೆ ಸಿಟ್ಟು ಬಂದಿತ್ತು.

“ಅಗ್ಗ ಬಿಗಿಯಾದ್ಮ್ಯಾಲೆ ಕೈ ಆಕ್ದೆ ಸುಮ್ಕೆ ನೋಡ್ತಾ ನಿಂತ್ಕಂಡ್ರೆ ನಾವು ಮನುಸ್ರೇನ್ ಸಾ?”

ನಾನೂ ಆ ಸೀಮೆಯವನೇ. ಬಾವಿಗೆ ಬಿದ್ದ ಎತ್ತಿರಲಿ, ಎಬ್ಬಿಸಬೇಕಾದ ಚಪ್ಪಡಿಯಿರಲಿ, ನಮ್ಮ ಕಡೆ ಹಗ್ಗ ಕಂಡವನು ಯಾರದ್ದೆಂದು ಕೇಳದೆ ಹಿಡಿಯುತ್ತಾನೆ. ಹಿಡಿಯದೆ ಹೋದವನ ಮಾತನ್ನು ಊರು ವರ್ಷಗಟ್ಟಲೆ ಆಡುತ್ತದೆ. ಅವರು ನನ್ನ ಮಾತನ್ನು ಮೀರುತ್ತಿರಲಿಲ್ಲ, ತಮ್ಮ ಮರ್ಯಾದೆಯನ್ನು ಕಾಯ್ದುಕೊಳ್ಳುತ್ತಿದ್ದರು.

“ಸಾ, ಗಾಡಿ ಜಾರ್ತಾ ಅದೆ!” ಎಂದ ಜವರಪ್ಪ.

ನೋಡಿದೆ. ಅಷ್ಟು ಸ್ವಲ್ಪ ಎಳೆತಕ್ಕೇ ಬ್ರೇಕ್ ಹಿಡಿದ ನಾಲ್ಕೂ ಚಕ್ರಗಳು ಹಸಿ ಮಣ್ಣಿನಲ್ಲಿ ಗೇಣುದ್ದದ ಗೀರೆಳೆದು ನಾಲೆಯ ಕಡೆಗೆ ಸರಿದಿದ್ದವು. ಇನ್ನಷ್ಟು ಎಳೆದರೆ ಪಿಕಪ್ಪೇ ಮಂಜೇಗೌಡನ ಮೇಲೆ ಹೋಗಿ ಬೀಳುತ್ತಿತ್ತು. ಹಿಂದೆ ಕಟ್ಟಲು ಒಂದು ಮರವೂ ಇರಲಿಲ್ಲ. ಬರೀ ತಂಬಾಕಿನ ಹೊಲ, ಆಚೆ ಒಂದು ಬ್ಯಾರನ್, ಅದರ ಪಕ್ಕ ಉರಿಸಲು ಒಟ್ಟಿದ್ದ ದಿಮ್ಮಿಗಳು.

ಆ ದಿಮ್ಮಿಗಳನ್ನು ಕಂಡಾಗ ನನಗೆ ಎರಡು ಕಷ್ಟಗಳಿಗೂ ಒಂದೇ ದಾರಿ ಹೊಳೆಯಿತು. ಮರವಿಲ್ಲದ ಕಡೆ ದಿಮ್ಮಿಯೊಂದನ್ನು ಅಡ್ಡವಾಗಿ ನೆಲದಲ್ಲಿ ಹೂತು ಅದಕ್ಕೆ ವಾಹನವನ್ನು ಕಟ್ಟುವ ವಿಧಾನವೊಂದಿದೆ. ದಿಮ್ಮಿಯ ಮುಂದಿನ ಮಣ್ಣಿನ ಗೋಡೆಯೇ ಅಲ್ಲಿ ಬೇರಿನ ಕೆಲಸ ಮಾಡುತ್ತದೆ.

“ಗೌಡರೇ, ಮುಂದೆ ಎಳೆಯುವುದಕ್ಕೆ ಯಂತ್ರವಿದೆ,” ಎಂದೆ. “ಹಿಂದೆ ಗಾಡಿಯನ್ನು ಹಿಡಿಯುವವರು ಯಾರೂ ಇಲ್ಲ. ಅದನ್ನು ನೀವು ಹಿಡಿಯಬೇಕು.”

ಕರೀಗೌಡರ ಮುಖ ಬದಲಾಯಿತು. “ಅಂಗ್ ಏಳಿ ಮತ್ತೆ! ಏಯ್, ಅಗ್ಗ ಬುಟ್ಟು ಇಂದಕ್ ಬನ್ರಲಾ! ಗುದ್ಲಿ ತನ್ನಿ!”

ಆ ಅಗೆತವನ್ನು ನಾನು ಮರೆತಿಲ್ಲ. ನಾನು ಗೆರೆ ಎಳೆದ ಕಡೆ ಒಬ್ಬರ ಗುದ್ದಲಿ ಏಳುವಾಗ ಇನ್ನೊಬ್ಬರದು ಬೀಳುತ್ತಿತ್ತು, ಒಂದೂ ತಾಗಲಿಲ್ಲ. ನೆಲ ತಾನಾಗಿಯೇ ಬಾಯಿ ತೆರೆಯುತ್ತಿದೆಯೇನೋ ಎಂಬಂತೆ ಸೊಂಟದ ಆಳದ ಗುಂಡಿ ತೋಡಿಬಿಟ್ಟರು. ದಿಮ್ಮಿಯನ್ನು ಇಳಿಸಿ, ಪಿಕಪ್ಪಿನಲ್ಲಿದ್ದ ಸರಪಳಿ ಸುತ್ತಿ, ಮಣ್ಣು ತುಂಬಿ, ಭುಜಕ್ಕೆ ಭುಜ ಕೊಟ್ಟು ಸಾಲಾಗಿ ತುಳಿದರು. ಜವರಪ್ಪ ಊಟದ ಚೀಲವನ್ನು ತೆಗೆದೆಸೆದು ಸರಪಳಿಯ ಇನ್ನೊಂದು ತುದಿಯನ್ನು ಹಿಂದಿನ ಕೊಕ್ಕೆಗೆ ಹಾಕಿದ. ತುಂಡಾದರೂ ಹಗ್ಗ ಹಾರದೆ ನೆಲಕ್ಕೆ ಬೀಳಲೆಂದು ಅದರ ನಡುವೆ ಭಾರ ಹೊದಿಸಬೇಕೆಂದೆ. ಕರೀಗೌಡರು ಹೆಗಲ ಮೇಲಿದ್ದ ಕರಿಕಂಬಳಿಯನ್ನು ನೀರಿನಲ್ಲಿ ಅದ್ದಿ ತಾವೇ ಹಾಕಿ ಬಂದರು.

ನೀರು ಮಂಜೇಗೌಡನ ಗಲ್ಲ ಮುಟ್ಟಿತ್ತು.

ಮತ್ತೆ ಸ್ವಿಚ್ ಒತ್ತಿದೆ. ಹಗ್ಗ ಬಿಗಿಯಿತು, ಕಂಬಳಿ ನಡುಗಿತು. ಪಿಕಪ್ ಒಂದಿಷ್ಟು ಮುಂದೆ ಸರಿದು, ಹಿಂದಿನ ಸರಪಳಿ ಕಟಕಟ ಎಂದು ನೆಟ್ಟಗಾಗಿ, ನಿಂತಿತು. ದಿಮ್ಮಿ ಹೂತ ಕಡೆ ನೆಲ ಒಮ್ಮೆ ಉಸಿರೆಳೆದಂತೆ ಉಬ್ಬಿತು. ಅದರ ಹಿಂದೆ ಊರಿನ ಗಂಡಸರೆಲ್ಲ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದರು. ಹಗ್ಗದ ಕಡೆಗೆ ಒಂದು ಕೈಯೂ ಬರಲಿಲ್ಲ.

ಟ್ರ್ಯಾಕ್ಟರು ಏಳತೊಡಗಿತು. ಗಡಿಯಾರದ ಮುಳ್ಳಿನಷ್ಟು ನಿಧಾನ. ಬೇರೆ ಕಡೆ ಕಣ್ಣು ಹಾಯಿಸಿ ಮತ್ತೆ ನೋಡಿದರೆ ಮಾತ್ರ ಏರಿದ್ದು ತಿಳಿಯುತ್ತಿತ್ತು. ಬೆರಳಿನಷ್ಟು ದಪ್ಪವೂ ಇಲ್ಲದ ಹಗ್ಗಕ್ಕೆ ಸಿಕ್ಕಿ ಅಷ್ಟು ದೊಡ್ಡ ಕಬ್ಬಿಣದ ಗಾತ್ರ, ಮಲಗಿದ ಎಮ್ಮೆ ಮನಸ್ಸು ಮಾಡಿ ಏಳುವಂತೆ, ಕೆಸರು ಸುರಿಸುತ್ತಾ ಎದ್ದಿತು. ಅದರ ಲೆಕ್ಕವನ್ನೆಲ್ಲ ನಾನೇ ಹಾಕಿದ್ದೆ. ಆದರೂ ಲೆಕ್ಕ ಸರಿಯಾಗಿರುವುದು ಬೇರೆ, ಅದು ಕಣ್ಣೆದುರು ನಿಜವಾಗುವುದು ಬೇರೆ ಎಂದು ನನಗೆ ಅಂದು ತಿಳಿಯಿತು.

“ಬಂದ ಸಾ! ಬಂದ!” ಎಂದು ಸ್ವಾಮಿ ಕಿರುಚಿದ. ಕಂಕುಳಿಗೆ ಕೈ ಕೊಟ್ಟು ಭಾವನನ್ನು ಹಿಂದಕ್ಕೆ ಸೆಳೆದುಕೊಂಡ. ಅವರು ದಡ ಹತ್ತುವವರೆಗೂ ನಾನು ಹಗ್ಗದ ಬಿಗಿಯನ್ನು ಸಡಿಲಿಸಲಿಲ್ಲ.

ಮಂಜೇಗೌಡನ ತೊಡೆಯ ಮೂಳೆ ಮುರಿದಿತ್ತು. ಹಾಸನದಲ್ಲಿ ಶಸ್ತ್ರಚಿಕಿತ್ಸೆಯಾಗಿ ಕಾಲು ಉಳಿಯಿತು.

ಮರುವರ್ಷದ ಆಯುಧಪೂಜೆಯ ದಿನ ಅವನು ಕೊಂಚ ಕುಂಟುತ್ತಾ ಸ್ವಾಮಿಯೊಡನೆ ನಮ್ಮ ವರ್ಕ್‌ಶಾಪಿಗೆ ಬಂದ. ಕೈಯಲ್ಲಿ ಸೇವಂತಿಗೆಯ ಹಾರವಿತ್ತು. ಜವರಪ್ಪ ಆಗಲೇ ವಿಂಚಿಗೆ ಕುಂಕುಮವಿಟ್ಟು ಅದು ಕಾಣದಷ್ಟು ಹೂ ಮುಡಿಸಿದ್ದ. ಮಂಜೇಗೌಡ ಅದಕ್ಕೆ ಕೈಮುಗಿದು, “ಸಾ, ಆ ಇಂದ್ಲ ಕೊಕ್ಕೆ ಎಲ್ಲೈತೆ?” ಎಂದ. ತೋರಿಸಿದೆ. ಬಾಗಲಾರದ ಕಾಲನ್ನು ಒಂದು ಕಡೆ ಚಾಚಿಕೊಂಡು ನೆಲಕ್ಕೆ ಕುಳಿತು, ಹಾರವನ್ನು ಅದಕ್ಕೆ ಕಟ್ಟಿದ. ನರಹರಿರಾಯರು ನೋಡುತ್ತಾ ನಿಂತಿದ್ದರು. ಗಂಟೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ನಾನು ಹಾಸನದಲ್ಲಿಯೂ ಬೇರೆ ಕಡೆಗಳಲ್ಲಿಯೂ ಹಲವು ವಾಹನಗಳಿಗೆ ವಿಂಚ್ ಅಳವಡಿಸಿದ್ದೇನೆ. ಅದು ಎಷ್ಟು ಟನ್ ಎಳೆಯುತ್ತದೆ ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಉತ್ತರ ಹೇಳಿ, ವಾಹನವನ್ನು ಸುತ್ತಿ ಹಿಂದಕ್ಕೆ ಹೋಗಿ ಕುಳಿತು, ಅದನ್ನು ಹಿಡಿದು ನಿಲ್ಲಿಸುವುದು ಯಾವುದು ಎಂದು ನೋಡುತ್ತೇನೆ.